ಗೋಡೆಗೆ ಮೆತ್ತಿದ ಬೀಜ

ಮಣ್ಣಗುಡ್ಡದ ಈ ಫ್ಲ್ಯಾಟಿನಲ್ಲಿ ಸೌತೆಕಾಯಿ ಹೆಚ್ಚಿ ಬೀಜವನ್ನು ಕಸದ ಬುಟ್ಟಿಗೆ ಹಾಕುವಾಗಲೆಲ್ಲ ನನಗೆ ಒದ್ದೆ ಬೂದಿಯ ವಾಸನೆ ಬರುತ್ತದೆ.

ನಾನು ಚಿಕ್ಕಂದಿನಲ್ಲಿದ್ದ ನಂತೂರಿನ ಹಳೆಯ ಮನೆಯಲ್ಲಿ ಅಜ್ಜಿ ಮುಂದಿನ ಮಳೆಗಾಲದ ಬಿತ್ತನೆಗೆಂದು ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಮೆತ್ತುತ್ತಿದ್ದರು. ಒಂದು ಬೇಸಿಗೆಯ ಮಧ್ಯಾಹ್ನವೂ ಹಾಗೆಯೇ ಮೆತ್ತಿದರು. ಅದೇ ಗೋಡೆಯ ಹೊರಮೈಯಲ್ಲಿ ರಸ್ತೆ ಅಗಲ ಮಾಡುವವರು ಬಳಿದು ಹೋದ ಕೆಂಪು ಗುರುತಿತ್ತು.

“ಈ ಗೋಡೆ ಒಡೀತಾರಂತಲ್ಲ ಅಜ್ಜಿ?” ಎಂದೆ.

“ಅದೆಲ್ಲ ಬೀಜಕ್ಕೆ ಗೊತ್ತುಂಟಾ?” ಎಂದ ಅಜ್ಜಿ, ಕೊನೆಯ ಹಿಡಿಯನ್ನು ನನ್ನ ಕೈಗೆ ಎಟಕುವಷ್ಟು ಕೆಳಗೆ ಮೆತ್ತಿದರು. “ಮಳೆ ಬರುವಾಗ ಇದನ್ನು ನೀನೇ ತೆಗೆದು ನೆಡಬೇಕು, ಆಯ್ತಾ?”

ಬೂದಿ ಇನ್ನೂ ಒಣಗಿರಲಿಲ್ಲ. ನಾನು ಅಂಗಳಕ್ಕೆ ಓಡಿಹೋಗಿ ಸುಡುವ ಬಿಸಿಲಿನಲ್ಲಿ ನಿಂತು ಮೋಡ ಹುಡುಕತೊಡಗಿದೆ.