ಅಕ್ಕಿಯ ಕಾವಲು

"ಅಣ್ಣಾ, ಬಾಗ್ಲು ತೆಗೆದ್ರೆ ಅಕ್ಕಿ ಒಂದೂ ಇಲ್ಲ ಕಣಣ್ಣ! ಎಲ್ಲಾ ಓಗ್ಬುಟ್ಟವೆ!"

ಫೋನಿನಲ್ಲಿ ಶಾಲೆಯ ಅಡುಗೆಯ ರಾಮಮ್ಮನ ಕೂಗು ಕೇಳಿ ಚಿಕ್ಕಬಸಪ್ಪನಿಗೆ ರಕ್ತ ತಲೆಗೇರಿತು. "ಒಂದಿನ ನಿನ್ ಕೈಗೆ ಕೀಲಿ ಕೊಟ್ಟೆನಲ್ಲ, ನಂಗೆ ಮೆಟ್ಟಲ್ಲಿ ಒಡೀಬೇಕು!" ಎಂದು ಕಿರುಚಿ ಫೋನ್ ಆರಿಸಿದ. ಎದುರಿನವರ ಮಾತು ಪೂರ್ತಿ ಕೇಳಿದವನೇ ಅಲ್ಲ ಅವನು.

ಹೆಮ್ಮರಗಾಲದ ಶಾಲೆಯ ಬಿಸಿಯೂಟದ ಉಗ್ರಾಣ ಕಾಯುವುದು ಅವನ ಸಂಘದ ಕೆಲಸ. ಬಾಗಿಲಿಗೆ ಬೀಗ ಹಾಕಿಸಿದ್ದು ಅವನು. ಹೋದ ವಾರ ಪಾರಿವಾಳ ನುಗ್ಗದಂತೆ ಬೆಳಕಿಂಡಿಗೆ ಬಲೆ ಹೊಡೆದವನೂ ಅವನೇ. ಐದು ವರ್ಷದಲ್ಲಿ ಒಂದು ಹಿಡಿ ಅಕ್ಕಿ ಕಳುವಾಗಿರಲಿಲ್ಲ. ಅದಕ್ಕೇ ಇವತ್ತು ತಿ. ನರಸೀಪುರದಲ್ಲಿ, ಸ್ವಯಂಸೇವಾ ಸಂಘಗಳ ಒಕ್ಕೂಟದ ಸಮ್ಮೇಳನದಲ್ಲಿ, ಅವನಿಗೆ ಸನ್ಮಾನ. ಊಟವಾದ ಮೇಲೆ ಶಾಲು ಹೊದಿಸುತ್ತಾರೆ.

ಅಕ್ಕಿ ಕಳೆದವನಿಗೆ ಯಾವ ಶಾಲು? ಊರಿನವರು ಮುಖಕ್ಕೆ ಉಗಿಯುತ್ತಾರೆ.

ಊಟದ ಸಾಲಿನಲ್ಲಿ ಅವನ ಮುಂದೆ ನಿಂತವನೊಬ್ಬ ಫೋನಿನಲ್ಲಿ ಪಿಸುಗುಡುತ್ತಿದ್ದ.

"ಅಕ್ಕಿ ಬಂದವೆ ಕಣ್ಲಾ. ಇನ್ನೂರಕ್ಕೆ ಕಮ್ಮಿ ಇಲ್ಲ. ನಾಳೆ ಬಿಸ್ಲೇರಾಕೆ ಮುಂಚೆ ಬಾ, ಆಮೇಲೆ ಒಂದೂ ಸಿಗಕ್ಕಿಲ್ಲ. ಯಾರ್ಗೂ ಏಳ್ಬೇಡ, ಜನ ಸೇರ್ಬುಡ್ತಾರೆ."

ಚಿಕ್ಕಬಸಪ್ಪ ಕತ್ತು ಚಾಚಿ ಅವನನ್ನು ದಿಟ್ಟಿಸಿದ.

ಆ ಮನುಷ್ಯನ ಬ್ಯಾಡ್ಜಿನಲ್ಲಿ 'ನಂಜೇಶ್, ಕೆರೆ ಬಳಗ' ಎಂದಿತ್ತು. ಕುತ್ತಿಗೆಗೆ ಒಂದು ಕಪ್ಪು ಚರ್ಮದ ಚೀಲ ನೇತುಹಾಕಿಕೊಂಡಿದ್ದ. ಉಣ್ಣಲು ಕೂತಾಗಲೂ ಅದನ್ನು ತೆಗೆಯಲಿಲ್ಲ. ಚಿಕ್ಕಬಸಪ್ಪ ಬೇಕೆಂದೇ ಅವನ ಪಕ್ಕಕ್ಕೆ ಹೋಗಿ ಕೂತ.

"ಏನ್ ಸ್ವಾಮಿ ಅದ್ರಲ್ಲಿ? ಒಡವೆಯಾ?"

"ನಮ್ಗೆ ಒಡವೆಗಿಂತ ಎಚ್ಚು ಸಾ. ಮುಟ್ಬೇಡಿ."

"ಅಕ್ಕಿ ಕೆಲ್ಸ ಜೋರಾ?"

ನಂಜೇಶನ ಕಣ್ಣರಳಿತು; ಇವನ ಬ್ಯಾಡ್ಜಿನಲ್ಲಿದ್ದ ಊರಿನ ಹೆಸರನ್ನೂ ಓದಿಕೊಂಡ. "ನಿಮ್ಗೂ ಆಸಕ್ತಿಯಾ ಸಾ? ಅದಕ್ಕೇ ಊರೂರು ತಿರುಗ್ತೀನಿ. ಸ್ಕೂಲ್‌ಗಳಿಗೂ ಓಗ್ತೀನಿ. ನಿಮ್ ಕಡೆನೂ ಓದ್ವಾರ ಬಂದಿದ್ದೆ."

ಎಷ್ಟು ಧೈರ್ಯ ಈ ನನ್ಮಗನಿಗೆ! ಚಿಕ್ಕಬಸಪ್ಪ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಸನ್ಮಾನಕ್ಕೆ ಹೆಸರು ಕೂಗಿದರು. ಚಿಕ್ಕಬಸಪ್ಪ ನಂಜೇಶನ ಕೊರಳಪಟ್ಟಿ ಹಿಡಿದು ವೇದಿಕೆಗೆ ಎಳೆದುಕೊಂಡೇ ಹೋದ.

"ಶಾಲು ಆಮೇಲೆ. ಮೊದ್ಲು ಈ ಕಳ್ಳನ್ನ ಇಚಾರ್ಸಿ. ಏಳ್ಲಾ, ಇನ್ನೂರು ಮೂಟೆ ಅಕ್ಕಿ ಎಲ್ಲಿ ಮಡಗಿದ್ದೀಯಾ?"

"ಮೂಟೆಯಾ?" ನಂಜೇಶ್ ಬೆವೆತುಹೋದ. "ಕೆರೇಲವೆ ಸಾ. ಈಜಾಡ್ತಾ ಅವೆ."

ಸಭೆ ಘೊಳ್ಳೆಂದಿತು. ಒಕ್ಕೂಟದ ಸಂಚಾಲಕಿ ಸುನೀತಾ ಓಡಿ ಬಂದು ಕರಿ ಚೀಲ ಬಿಚ್ಚಿಸಿದರು. ಒಳಗೆ ದುರ್ಬೀನು.

"ಚಿಕ್ಕಬಸಪ್ಪನವ್ರೇ, ಇವರು ಕೊಕ್ಕರೆ, ಬಾತುಗಳನ್ನ ಎಣಿಸೋರು. ಇವರ ಅಕ್ಕಿಗೆ ಒಂದು 'ಹ' ಸೇರಿಸಿಕೊಂಡು ಕೇಳಿ."

ಚಿಕ್ಕಬಸಪ್ಪ ಕೊರಳಪಟ್ಟಿ ಬಿಟ್ಟ. ಇವನು ಕಳ್ಳನಲ್ಲ, ಸರಿ. ಹಾಗಾದರೆ ತನ್ನ ಅಕ್ಕಿ ಕದ್ದವನು ಯಾರು? ಶಾಲು ಹಿಡಿದು ಬಂದವರನ್ನು ಕೈಯಿಂದ ತಡೆದ. ಊರು ಹೇಳುವ ಮೊದಲು ತಾನೇ ಒಪ್ಪಿಕೊಳ್ಳುವುದು ಎಂದುಕೊಂಡು ಮೈಕಿನ ಮುಂದೆ ನಿಂತ.

"ನಮ್ ಉಗ್ರಾಣದ ಅಕ್ಕಿ..."

ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಎತ್ತಿದ ಕೂಡಲೇ ರಾಮಮ್ಮನ ಗಂಟಲು ಮೈಕಿಗೂ ಕೇಳಿಸಿತು.

"ಯಾಕಣ್ಣ ಅಂಗೆ ಬೈದು ಮಡಗ್ಬುಟ್ಟೆ? ನೀ ಒಡೆದ ಬಲೆಗೆ ಎದರ್ಕೊಂಡು ಅಕ್ಕಿ ಒಂದೂ ಉಳಿದಿಲ್ಲ ಅಂತ ಏಳಾಕಲ್ವಾ ಫೋನ್ ಮಾಡಿದ್ದು? ಅನ್ನ ಬೆಂದು, ಮಕ್ಳು ಉಂಡೂ ಆಯ್ತು!"