ಚಪ್ಪಡಿಯ ಮೇಲಿನ ಮೆಟ್ಟು

ಒಂದೂರಲ್ಲಿ ಒಂದು ಕೆರೆ. ಆ ಕೆರೆಯ ನೀರು ಕಾಲಿನ ಮೆಟ್ಟುಗಳ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲವಂತೆ. ಏಳು ಸಮುದ್ರದಾಚೆಯ ಕೆರೆಯೇನಲ್ಲ, ಅಜ್ಜಂಪುರದಿಂದ ಗಾಡಿ ಹೂಡಿದರೆ ಹೊತ್ತೇರುವುದರೊಳಗೆ ಸಿಗುವಂಥದ್ದು.

ಏರಿಯ ಹೊಟ್ಟೆಯೊಳಗೆ ತೂಬಿನ ಸುರಂಗ. ಯುದ್ಧದ ಕಾಲದಲ್ಲಿ ಅದಕ್ಕೆ ಹಾಕಿದ್ದ ಕಾಂಕ್ರೀಟು ಹಕ್ಕಳೆಯೆದ್ದು ಉದುರುತ್ತಿತ್ತು. ಶಿವರಾತ್ರಿಯೊಳಗೆ ರಿಪೇರಿ ಮುಗಿಸಿ ಗದ್ದೆಗೆ ನೀರು ಕೊಡುತ್ತೇನೆಂದು ತೀರ್ಥಪ್ಪ ಮೇಸ್ತ್ರಿ ಊರಿಗೆ ಮಾತು ಕೊಟ್ಟಿದ್ದ. ಗಂಡಾಳುಗಳು ಚಾಣ ಹಿಡಿದು ಸಡಿಲ ಕಾಂಕ್ರೀಟು ಒಡೆಯುವುದು, ಹೆಣ್ಣಾಳು ಹುಲಿಗೆಮ್ಮ ಬಾಂಡ್ಲಿಯಲ್ಲಿ ಅದನ್ನು ಹೊತ್ತು ಹಾಕುವುದು. ಸಂಜೆ ಎಲ್ಲರೂ ಹೊರಬಂದ ಮೇಲೆ ನೀರುಗಂಟಿ ಸಣ್ಣಬೀರಪ್ಪ ಏರಿ ಹತ್ತಿ, ತೂಬು ಮುಚ್ಚಿದ ಬಿರಡೆ ಎತ್ತಿ, ಒಳಗಿನ ದೂಳನ್ನು ನೀರು ಹಾಯಿಸಿ ತೊಳೆಯುವುದು. ಏರಿಯ ಮೇಲಿನಿಂದ ಸುರಂಗದ ಬಾಯಿ ಕಾಣುವುದಿಲ್ಲ. ಅದಕ್ಕೇ ಅವನು ಮೊದಲು ಕೆಳಗಿಳಿದು ಅಲ್ಲಿಯ ಚಪ್ಪಡಿ ನೋಡುತ್ತಿದ್ದ. ಸುರಂಗವೆಂದರೆ ಗಂಗಮ್ಮನ ಜಾಗ, ಅಲ್ಲಿಗೆ ಯಾರೂ ಮೆಟ್ಟು ಮೆಟ್ಟಿಕೊಂಡು ಹೋಗುವುದಿಲ್ಲವಲ್ಲ. ಚಪ್ಪಡಿಯ ಮೇಲೆ ಮೆಟ್ಟಿದ್ದರೆ ಒಳಗೆ ಆಳಿದೆ. ಚಪ್ಪಡಿ ಬರಿದಾದರೆ ಬಿರಡೆ ಎತ್ತಬಹುದು.

ಮೊದಲ ಸಂಜೆ ಗಂಡಾಳುಗಳು ಮೆಟ್ಟು ಮೆಟ್ಟಿಕೊಂಡು ಬೀಡಿ ಸೇದಲು ಮರದಡಿಗೆ ಹೋದರು. ಚಪ್ಪಡಿ ಬರಿದಾಯಿತು. ಬಿರಡೆ ಎದ್ದಿತು. ಹುಲಿಗೆಮ್ಮ ಮಾತ್ರ ಒಳಗೆ ಕೊನೆಯ ಬಾಂಡ್ಲಿ ತುಂಬುತ್ತಿದ್ದಳು. ಕತ್ತಲಲ್ಲಿ ಏನೋ ಬುಸುಗುಟ್ಟಿತು. ಅಜ್ಜಿ ಹೇಳುತ್ತಿದ್ದ ಏಳು ಹೆಡೆಯ ಸರ್ಪವೇ ಎದ್ದು ಬಂತೆಂದು ಬೆಳಕಿನತ್ತ ಓಡಿದಳು. ಮೊಣಕಾಲಿಗಿದ್ದ ನೀರು ಸೊಂಟಕ್ಕೇರಿ, ಸುರಂಗದ ಬಾಯಿಯ ಹತ್ತಿರ ಅವಳನ್ನು ಎತ್ತಿ ಕಾಲುವೆಯ ಕೆಸರಿಗೆ ಎಸೆಯಿತು. ಬಾಂಡ್ಲಿ ಅವಳ ಹಿಂದೆಯೇ ಉರುಳಿ ಬಂತು.

ಸಣ್ಣಬೀರಪ್ಪ ಬಿರಡೆ ಇಳಿಸಿ ಓಡಿ ಬಂದ. "ಚಪ್ಪಡಿ ಬರಿದಾಗಿತ್ತಲ್ಲವ್ವಾ. ನಿನ್ನ ಮೆಟ್ಟು ಎಲ್ಲಿ ಬಿಟ್ಟಿದ್ದೆ?"

ಹುಲಿಗೆಮ್ಮ ಸೆರಗು ಹಿಂಡಿದಳು. "ಇದ್ರೆ ತಾನೇ ಬಿಡೋದು, ಬೀರಣ್ಣ. ಹುಟ್ಟಿದಾಗಿಂದ ಬರಿಗಾಲೇ."

ಮರದಡಿಯಿಂದ ಓಡಿ ಬಂದ ತೀರ್ಥಪ್ಪ ತನ್ನ ಮೆಟ್ಟು ಕಳಚಿದ. "ನಾಳೆಯಿಂದ ನನ್ನವೇ ಬಿಡವ್ವ."

"ನಿಮ್ಮವ ನೋಡಿದ್ರೆ ಬೀರಣ್ಣ 'ಮೇಸ್ತ್ರಿ ಒಳಗವ್ರೆ' ಅಂದ್ಕೋತಾನೆ. ನೀವು ಮರದಡಿ ಬೀಡಿ ಸೇದೋದು ಕಂಡ್ರೆ ಬಿರಡೆ ಎತ್ತೇಬಿಡ್ತಾನೆ. ನಂಗೆ ನಂದೇ ಬೇಕು."

ಅಜ್ಜಂಪುರದ ಸಂತೆಯ ದಿನದವರೆಗೂ ಕೆಲಸ ನಿಂತಿತು. ತೀರ್ಥಪ್ಪನೇ ಹೋಗಿ ಒಂದು ಜೊತೆ ತಂದ. ಹುಲಿಗೆಮ್ಮ ಕಾಲು ತೂರಿಸಿದರೆ ಹಿಮ್ಮಡಿ ಹೊರಗೇ ಉಳಿಯಿತು.

"ಅಳತೆ ತಪ್ಪೋಯ್ತು. ಬದಲಾಯಿಸ್ಕಂಡು ಬತ್ತೀನಿ."

"ಬ್ಯಾಡ ಬಿಡಿ. ಅವು ಕೂರೋದು ಕಲ್ಲ ಮ್ಯಾಲೆ."

ಅಂದಿನಿಂದ ದಿನಾ ಬೆಳಿಗ್ಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದ ಮೆಟ್ಟನ್ನು ಚಪ್ಪಡಿಯ ಮೇಲೆ ಜೋಡಿಸಿಟ್ಟೇ ಅವಳು ಒಳಗೆ ಹೋಗುತ್ತಿದ್ದಳು. ಗಂಡಾಳುಗಳು ನಗುತ್ತಿದ್ದರು. "ನಿಮ್ಮ ಮೆಟ್ಟು ನಿಮ್ಮನ್ನ ಹೊರ್ತವೆ, ನನ್ನವನ್ನ ನಾನು ಹೊರ್ತೀನಿ. ನಿಮಗೇನು ಕಷ್ಟ?" ಅನ್ನುತ್ತ ಅವಳೂ ನಗುತ್ತಿದ್ದಳು.

ಶಿವರಾತ್ರಿಯ ಹಿಂದಿನ ದಿನ. ಹೊಸ ಕಾಂಕ್ರೀಟು ಕಲ್ಲಾಗಿತ್ತು. ಒಳಗೆಲ್ಲ ಕೊನೆಯ ಸಲ ಗುಡಿಸಿ ಬಂದ ಹುಲಿಗೆಮ್ಮ, ನೀರು ನೋಡಲು ಕಾಲುವೆಯ ದಡದಲ್ಲಿ ನೆರೆದಿದ್ದ ಊರಿನವರ ನಡುವೆ ಕೂತಿದ್ದಳು. ಸಣ್ಣಬೀರಪ್ಪ ಕೆಳಗಿಳಿದು ಚಪ್ಪಡಿ ನೋಡಿದ. ಏರಿ ಹತ್ತಲಿಲ್ಲ.

"ಯಾಕಪ್ಪಾ ನಿಂತೆ?" ಅಂದ ತೀರ್ಥಪ್ಪ. "ಒಳಗ್ಯಾರೂ ಇಲ್ಲ. ಹುಲಿಗೆವ್ವ ಇಲ್ಲೇ ಕೂತವ್ಳಲ್ಲ."

"ಕೂತವ್ಳೆ, ಕಾಣ್ತೈತೆ. ಮೆಟ್ಟು ಇನ್ನೂ ಒಳಗವ್ಳೆ ಅಂತೈತೆ."

ಹುಲಿಗೆಮ್ಮ ಎದ್ದಳು. ಜನ ದಾರಿ ಬಿಟ್ಟರು. ಅವಸರವಿಲ್ಲದೆ ಹೋಗಿ, ಎರಡೂ ಮೆಟ್ಟುಗಳ ದೂಳು ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಸಣ್ಣಬೀರಪ್ಪ ಏರಿ ಹತ್ತಿದ. ಆಮೇಲೆ ನೀರು ಬಂತು.