ಸೋಮವಾರ ಬಾ

“ನಾನು ಸಾಲ ಕೇಳ್ತಿಲ್ಲ ಅಣ್ಣ. ನನ್ನ ದುಡ್ಡನ್ನೇ ಕೇಳ್ತಿದ್ದೀನಿ.”

ಕಿಟಕಿಯಾಚೆ ನಿಂತಿದ್ದ ತಂಗಿಯ ಕೈ ಇನ್ನೂ ಒದ್ದೆಯಾಗಿತ್ತು. ಡಿಪೋದಲ್ಲಿ ಬಸ್ ತೊಳೆದು ನೇರ ಬಂದಿದ್ದಳು. ಒಂಬತ್ತು ವರ್ಷ ಸಂಬಳದಲ್ಲಿ ಉಳಿಸಿ ಸಂಘಕ್ಕೆ ಕಟ್ಟಿದ ಹಣ. ಈಗ ಗಂಡನ ಹೃದಯದ ಆಪರೇಷನ್ನಿಗೆ ಬೇಕಾಗಿತ್ತು.

“ಸೋಮವಾರ ಬಾ,” ಎಂದ ಸಂಘದ ಕಾರ್ಯದರ್ಶಿಯಾಗಿದ್ದ ಅಣ್ಣ. “ಬ್ಯಾಂಕಿನ ಕಂತು ಕಟ್ಟಿದ ಕೂಡಲೇ ಹೊಸ ಸಾಲ ಬರುತ್ತೆ. ಮೊದಲು ನಿಂದೇ.”

“ಹೋದ ವಾರಾನೂ ಇದನ್ನೇ ಹೇಳ್ದೆ.”

ಅವನು ಅವಳ ಹಿಂದೆ ನಿಂತವರ ಕಡೆ ನೋಡಿದ. ಅವರಿಗೂ ಅದೇ ಉತ್ತರ.

ಡಿಪೋ ಕೆಲಸಗಾರರ ಪತ್ತಿನ ಸಂಘ ನಿಂತಿದ್ದೇ ಆ ಒಂದು ಬ್ಯಾಂಕಿನ ಮೇಲೆ. ಸದಸ್ಯರ ಉಳಿತಾಯ ಸಾಕಾಗದಾಗಲೆಲ್ಲ ಬ್ಯಾಂಕು ಸಾಲ ಕೊಡುತ್ತಿತ್ತು. ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು ಮಾತಾಡುವವರು. “ನಮಗೆ ಒಂದು ದಿನಾನೂ ತಡ ಮಾಡ್ಬೇಡಿ. ನಿಮ್ಮವರು ಕಾಯ್ತಾರೆ, ಹೆಡ್ಡಾಫೀಸು ಕಾಯಲ್ಲ” ಎನ್ನುತ್ತಿದ್ದರು. ಠೇವಣಿ ವಾಪಸ್ಸು ಕೇಳಿ ಕಾಯುತ್ತಿರುವವರ ಹೆಸರು, ವಿಳಾಸ, ಮೊತ್ತವನ್ನು ಮೂರು ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತಿದ್ದರು. ಸಂಘದ ಸ್ಥಿತಿ ತಿಳಿಯಲು ಎಂದಿದ್ದರು. ಈ ಸಲ ಹದಿನೇಳು ಜನ. ತಂಗಿಯ ಹೆಸರು ಬರೆಯುವಾಗ ಅವನಿಗೆ ಮುಖ ಬಿಸಿಯಾಗಿತ್ತು.

ಶುಕ್ರವಾರ ತಿಜೋರಿ ಗುಡಿಸಿ ಕಂತು ಕಟ್ಟಿದ. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತ.

ಮ್ಯಾನೇಜರು ಚಹಾ ತರಿಸಿದರು. “ಹೊಸ ಸಾಲ ಸದ್ಯಕ್ಕಿಲ್ಲ. ಮೇಲಿನವರು ಹೋದ ತಿಂಗಳೇ ನಿಲ್ಲಿಸಿದಾರೆ.”

“ಹೋದ ತಿಂಗಳೇ? ಮತ್ತೆ ಶುಕ್ರವಾರ ನನ್ನಿಂದ ಕಟ್ಟಿಸ್ಕೊಂಡ್ರಲ್ಲ?”

“ಕಂತು ಕಂತೇ ಅಲ್ವಾ? ಚಹಾ ಆರುತ್ತೆ, ತಗೊಳ್ಳಿ.”

ಅವನು ಕುಡಿಯಲಿಲ್ಲ. ತಂಗಿಗೆ ತಾನೇ ಹೇಳಬೇಕು ಎಂದುಕೊಂಡು ನಡೆದೇ ಅವಳ ಬೀದಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ, ಒಂದೂ ಹೊಂದಲಿಲ್ಲ.

ಅವಳ ಮನೆ ಮುಂದೆ ಚಪ್ಪಲಿಗಳ ರಾಶಿ. ತಡವಾಯಿತು, ಭಾವ ಹೋಗಿಬಿಟ್ಟರು ಎಂದುಕೊಂಡ. ಮೆಟ್ಟಿಲ ಬಳಿಯೇ ನಿಂತ.

ತಂಗಿಯೇ ಹೊರಗೆ ಬಂದಳು. ಕಣ್ಣು ಬಾತಿತ್ತು.

“ಭಾವ...?”

“ನಿನ್ನೆ ಆಪರೇಷನ್ ಆಯ್ತು. ಬದುಕಿದಾರೆ.”

ಅವನು ಮೆಟ್ಟಿಲು ಹತ್ತಿದ. “ದುಡ್ಡು?”

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ಚಾಪೆಯ ಮೇಲೆ ಸಂಘದ ಸದಸ್ಯರು, ಒಬ್ಬೊಬ್ಬರ ಕೈಯಲ್ಲೂ ಪಾಸ್‌ಬುಕ್ಕು. ಕುರ್ಚಿಯಲ್ಲಿ ಕೂತ ಹೆಂಗಸು ಅವನ್ನು ಸಾಲಕ್ಕೆ ಒತ್ತೆಯಾಗಿ ತೆಗೆದುಕೊಂಡು ಚೀಲಕ್ಕೆ ತುಂಬುತ್ತಿದ್ದಳು.

“ಶನಿವಾರ ಇವ್ರೇ ಮನೆಬಾಗಿಲಿಗೆ ಸಾಲ ತಂದುಕೊಟ್ರು. ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ.”

“ಯಾರವರು?”

“ನಿನ್ನ ಮ್ಯಾನೇಜರ ಹೆಂಡತಿ,” ಎಂದಳು ತಂಗಿ. “ನಮ್ಮ ಹೆಸರೆಲ್ಲ ಬರೆದಿರೋ ಹಾಳೆ ಹಿಡ್ಕೊಂಡೇ ಬಂದ್ರು. ಅಕ್ಷರ ನಿಂದು, ಅಣ್ಣ.”